ಥಂಡರ್ ಹುಡುಗರು ಇನ್ನೊಮ್ಮೆ ಗೆಲ್ತಾರಾ, ಟೀಚರ್?

ಈ ಸಲ ಬಂದ ಪ್ರಶ್ನೆಗಳಲ್ಲಿ ಕಬಡ್ಡಿ ಇಲ್ಲ, ವಾಲಿಬಾಲ್ ಇಲ್ಲ. ಮೊಣಕಾಲು ನೋವಿಗೆ ಎಂತ ಮಾಡುವುದು ಅನ್ನುವ ಮಾಮೂಲಿ ಪತ್ರಗಳೂ ಕಡಿಮೆ. ಉಳಿದದ್ದೆಲ್ಲ ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್. ಅದರಲ್ಲೂ 2025ರ ಜೂನ್‌ನಲ್ಲಿ ಚಾಂಪಿಯನ್ ಆದ ಹುಡುಗರ ತಂಡ, ಒಕ್ಲಹೋಮಾ ಸಿಟಿ ಥಂಡರ್. 2025-26ರ ಸೀಸನ್ ಈ ದೀಪಾವಳಿಗೇ ಶುರು. ಹಾಗಾಗಿ ಮೊಣಕಾಲಿನವರು ಮುಂದಿನ ಸಂಚಿಕೆವರೆಗೆ ಕಾಯಬೇಕು. ಅಲ್ಲಿಯವರೆಗೆ ಮೆಟ್ಟಿಲು ಹತ್ತುವುದು ಸ್ವಲ್ಪ ಕಡಿಮೆ ಮಾಡಿ.

ಪ್ರಶ್ನೆ: ಟೀಚರ್, ಥಂಡರ್ ಕಳೆದ ಸೀಸನ್‌ನಲ್ಲಿ 82ರಲ್ಲಿ 68 ಪಂದ್ಯ ಗೆದ್ದಿದೆ. ಮುಖ್ಯ ಆಟಗಾರರೆಲ್ಲ ಉಳಿದಿದ್ದಾರೆ. ಎಲ್ಲರಿಗೂ ಒಂದು ವರ್ಷದ ಅನುಭವ ಜಾಸ್ತಿಯಾಗಿದೆ. ಮತ್ತೆ ಗೆಲ್ಲುವುದರಲ್ಲಿ ಸಂಶಯ ಎಂತಕ್ಕೆ? ನೂರಕ್ಕೆ ಎಷ್ಟು ಕೊಡ್ತೀರಿ?
– ಇಂಜಿನಿಯರಿಂಗ್ ವಿದ್ಯಾರ್ಥಿ, ಮಣಿಪಾಲ

ಉತ್ತರ: ನಲವತ್ತು.

ಸಿಟ್ಟು ಮಾಡ್ಬೇಡಿ. ಮೂವತ್ತು ತಂಡಗಳ ಲೀಗಿನಲ್ಲಿ ಒಂದೇ ತಂಡಕ್ಕೆ ನಲವತ್ತು ಅಂದರೆ ಧಾರಾಳವಾಗಿಯೇ ಕೊಟ್ಟಿದ್ದೇನೆ. ಎರಡನೆಯ ತಂಡಕ್ಕೆ ಹದಿನೈದು ಕೊಡಲೂ ನಾನು ತಯಾರಿಲ್ಲ.

ಮೊದಲು ನಿಮ್ಮ ಕಡೆಯ ಮಾತು. 68 ಗೆಲುವಿಗಿಂತ ನನಗೆ ದೊಡ್ಡದು ಅನಿಸುವುದು ಅಂಕಗಳ ಅಂತರ. ಸರಾಸರಿ ತೆಗೆದರೆ ಪ್ರತಿ ಪಂದ್ಯದಲ್ಲೂ ಎದುರಾಳಿಗಿಂತ ಸುಮಾರು 13 ಅಂಕ ಜಾಸ್ತಿ. 1971-72ರ ಲಾಸ್ ಏಂಜಲೀಸ್ ಲೇಕರ್ಸ್ ತಂಡದ ದಾಖಲೆಯನ್ನೇ ಮುರಿದರು. ಅದೂ ಎಂತಹ ವರ್ಷದಲ್ಲಿ? ಏಳಡಿ ದಾಟಿದ ಚೆಟ್ ಹೋಮ್‌ಗ್ರೆನ್ ನವೆಂಬರ್‌ನಲ್ಲಿ ಸೊಂಟದ ಮೂಳೆಗೆ ಪೆಟ್ಟು ಮಾಡಿಕೊಂಡು ಫೆಬ್ರವರಿವರೆಗೆ ಹೊರಗೆ ಕೂತ. ಇನ್ನೊಬ್ಬ ಎತ್ತರದ ಆಟಗಾರ ಐಸಯಾ ಹಾರ್ಟನ್‌ಸ್ಟೈನ್ ಸೀಸನ್ ಶುರುವಾಗುವ ಮೊದಲೇ ಕೈ ಮುರಿದುಕೊಂಡಿದ್ದ. ಆದರೂ ತಂಡ ಕುಸಿಯಲಿಲ್ಲ.

ಯಾಕೆ ಕುಸಿಯಲಿಲ್ಲ? ಡಿಫೆನ್ಸ್. ನಾನು ಹೈಸ್ಕೂಲಿನಲ್ಲಿ ಹುಡುಗಿಯರಿಗೆ ಆಟ ಕಲಿಸುವಾಗ ಮೊದಮೊದಲು ಬಾಲನ್ನೇ ಮುಟ್ಟಿಸುತ್ತಿರಲಿಲ್ಲ. ಬಗ್ಗಿ ನಿಲ್ಲು, ಪಕ್ಕಕ್ಕೆ ಸರಿ, ಎದುರಿನವಳ ಸೊಂಟ ನೋಡು, ಮುಖ ನೋಡಬೇಡ. ಮಕ್ಕಳು ಬೈದುಕೊಳ್ಳುತ್ತಿದ್ದರು. ಆದರೆ ಬಾಸ್ಕೆಟಿಗೆ ಎಸೆಯುವುದು ಒಂದೊಂದು ದಿನ ಕೈ ಕೊಡುತ್ತದೆ, ಡಿಫೆನ್ಸ್ ಹಾಗೆ ಕೈ ಕೊಡುವುದಿಲ್ಲ. ಅದು ಕಾಲಿನ ಕೆಲಸ, ಮತ್ತೆ ಮನಸ್ಸಿನದ್ದು. ಥಂಡರ್‌ನಲ್ಲಿ ಲು ಡೋರ್ಟ್, ಕೇಸನ್ ವಾಲೇಸ್, ಅಲೆಕ್ಸ್ ಕರೂಸೊ, ಜೇಲೆನ್ ವಿಲಿಯಮ್ಸ್ ಅಂತ ಎದುರಾಳಿಯ ಕೈಯಿಂದ ಚೆಂಡು ಕಸಿಯುವವರು ಸಾಲಾಗಿ ಇದ್ದಾರೆ. ಒಬ್ಬ ದಣಿದರೆ ಇನ್ನೊಬ್ಬ. ಅವರನ್ನು ದಾಟಿ ಒಳಗೆ ಬಂದರೆ ಹೋಮ್‌ಗ್ರೆನ್ ಕೈ ಎತ್ತಿ ನಿಂತಿರುತ್ತಾನೆ. 48 ನಿಮಿಷ ಹೀಗೆ ಬೆನ್ನು ಹತ್ತಲು ಎಳೇ ಕಾಲುಗಳೇ ಬೇಕು. ಪ್ರಾಯ ಕಡಿಮೆ ಇರುವುದರ ನಿಜವಾದ ಲಾಭ ಇಲ್ಲಿ.

ಇನ್ನು ಉಳಿದ ಅರವತ್ತು. 2017, 2018ರಲ್ಲಿ ಗೋಲ್ಡನ್ ಸ್ಟೇಟ್ ಬೆನ್ನು ಬೆನ್ನಿಗೆ ಗೆದ್ದ ಮೇಲೆ ಯಾರಿಗೂ ಅದು ಆಗಿಲ್ಲ. ಟೊರೊಂಟೊ, ಲೇಕರ್ಸ್, ಮಿಲ್ವಾಕೀ, ಗೋಲ್ಡನ್ ಸ್ಟೇಟ್, ಡೆನ್ವರ್, ಬಾಸ್ಟನ್, ಈಗ ಥಂಡರ್. ಏಳು ವರ್ಷ, ಏಳು ಬೇರೆ ಬೇರೆ ಚಾಂಪಿಯನ್. ಕಳೆದ ಸಲವಾದರೂ ಸುಲಭವಾಗಿ ಗೆದ್ದರಾ? ಲೀಗ್ ಮುಗಿದ ಮೇಲಿನ ಪ್ಲೇ-ಆಫ್ ಸುತ್ತುಗಳಲ್ಲಿ ಏಳರಲ್ಲಿ ನಾಲ್ಕು ಪಂದ್ಯ ಗೆದ್ದವರು ಮುಂದಕ್ಕೆ. ಡೆನ್ವರ್ ಏಳನೇ ಪಂದ್ಯದವರೆಗೆ ಎಳೆಯಿತು. ಫೈನಲ್‌ನಲ್ಲಿ ಇಂಡಿಯಾನಾ ಕೂಡ ಏಳನೇ ಪಂದ್ಯದವರೆಗೆ ಎಳೆಯಿತು. ಫೈನಲ್‌ನ ಮೊದಲ ಪಂದ್ಯದಲ್ಲಿ ಇಂಡಿಯಾನಾ ಮುಂದಿದ್ದದ್ದು ಕೊನೆಯ 0.3 ಸೆಕೆಂಡು ಮಾತ್ರ. ಅಷ್ಟರಲ್ಲೇ ಪಂದ್ಯ ಹೊಡೆದುಕೊಂಡು ಹೋದರು. ಏಳನೇ ಪಂದ್ಯದ ಮೊದಲ ಕ್ವಾರ್ಟರಿನಲ್ಲಿ ಇಂಡಿಯಾನಾದ ಟೈರೀಸ್ ಹ್ಯಾಲಿಬರ್ಟನ್ ಮೂರು ದೂರದ ಬಾಸ್ಕೆಟ್ ಹಾಕಿ ಬಿಸಿ ಏರಿಸಿದ್ದ. ಆಗಲೇ ಹಿಮ್ಮಡಿಯ ಮೇಲಿನ ಅಕಿಲೀಸ್ ಸ್ನಾಯು ಹರಿದು ನೆಲಕ್ಕೆ ಬಿದ್ದ. ಥಂಡರ್ 103-91ರಿಂದ ಗೆದ್ದಿತು. ಅವನು ಬಿದ್ದಿರದಿದ್ದರೆ? ನಿಮ್ಮ ತಂಡವೇ ಗೆಲ್ಲುತ್ತಿತ್ತು ಅಂತ ನೀವು ಹೇಳಬಹುದು, ನಾನೂ ಹಾಗೇ ಅಂದುಕೊಳ್ಳುತ್ತೇನೆ. ಆದರೆ ಮನೆ ಮೇಲೆ ಸಾಲ ಎತ್ತಿ ಬಾಜಿ ಕಟ್ಟುತ್ತಿರಲಿಲ್ಲ.

ಪ್ರಶ್ನೆ: ನನ್ನ ಮಗ ಬಲಿಪಾಡ್ಯದ ದಿನ ಬೆಳಿಗ್ಗೆ ಐದಕ್ಕೆ ಅಲಾರಂ ಇಟ್ಟಿದ್ದಾನೆ. ಗೋಪೂಜೆಗೆ ಬೇಗ ಏಳುತ್ತಾನೆ ಅಂತ ನಾನು ಖುಷಿಯಲ್ಲಿದ್ದೆ. ಈಗ ನೋಡಿದರೆ ಬ್ಯಾಸ್ಕೆಟ್‌ಬಾಲ್ ಅಂತೆ. ನಿಜವಾಗಿಯೂ ಅಷ್ಟು ಹೊತ್ತಿಗೆ ಆಟ ಉಂಟಾ?
– ಗೃಹಿಣಿ, ಕುಂದಾಪುರ

ಉತ್ತರ: ಉಂಟು. ಮಗ ಸುಳ್ಳು ಹೇಳಿಲ್ಲ. ಅಮೆರಿಕದ ಪೂರ್ವ ಭಾಗದಲ್ಲಿ 21ನೇ ತಾರೀಕು ಸಂಜೆ ಏಳೂವರೆ ಅಂದರೆ ನಮಗೆ 22ರ ಬೆಳಿಗ್ಗೆ ಐದು. ಥಂಡರ್ ಮತ್ತು ಹ್ಯೂಸ್ಟನ್ ರಾಕೆಟ್ಸ್. ಕಳೆದ ವರ್ಷ ಗೆದ್ದವರಿಗೆ ಆ ದಿನ ಉಂಗುರ ಕೊಡುವ ಸಮಾರಂಭ ಬೇರೆ. ಎಲ್ಲ ಮುಗಿಯುವಾಗ ಎಂಟು ಗಂಟೆಯ ಹತ್ತಿರ ಆದೀತು. ನೋಡಲು ಬಿಡಿ, ಬದಲಿಗೆ ದನ ಮೀಯಿಸುವ ಕೆಲಸ ಅವನಿಗೇ ಕೊಡಿ. ಹೇಗೂ ಎದ್ದಿರುತ್ತಾನೆ.

ಪ್ರಶ್ನೆ: ನೀವೆಲ್ಲ ಈಗ ಈ ತಂಡವನ್ನು ಹೊಗಳುತ್ತಿದ್ದೀರಿ. ನನಗೆ 2012 ನೆನಪುಂಟು. ಆಗಲೂ ಇದೇ ಊರು, ಇದೇ ಹೆಸರು, ಇದೇ ತರಹದ ಹುಡುಗರು. ಮೂರು ನಾಲ್ಕು ಕಪ್ ಗ್ಯಾರಂಟಿ ಅಂತ ಎಲ್ಲರೂ ಹೇಳಿದ್ದರು. ಎಷ್ಟು ಬಂತು?
– ನಿವೃತ್ತ ಬ್ಯಾಂಕ್ ಉದ್ಯೋಗಿ, ಉಡುಪಿ

ಉತ್ತರ: ಸೊನ್ನೆ ಬಂತು, ಮಾರಾಯ್ರೆ. ಈ ಸಲದ ಪ್ರಶ್ನೆಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಇದು.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. 2012ರಲ್ಲಿ ಥಂಡರ್ ಫೈನಲಿಗೆ ಬಂದಾಗ ಕೆವಿನ್ ಡುರಾಂಟ್‌ಗೆ 23 ವರ್ಷ, ರಸೆಲ್ ವೆಸ್ಟ್‌ಬ್ರೂಕ್‌ಗೂ 23, ಜೇಮ್ಸ್ ಹಾರ್ಡನ್‌ಗೆ 22. ಮೂವರೂ ಮುಂದೆ ಎನ್‌ಬಿಎಯ ವರ್ಷದ ಶ್ರೇಷ್ಠ ಆಟಗಾರ ಆದರು. ಡುರಾಂಟ್ 2014ರಲ್ಲಿ, ವೆಸ್ಟ್‌ಬ್ರೂಕ್ 2017ರಲ್ಲಿ, ಹಾರ್ಡನ್ 2018ರಲ್ಲಿ. ಅಂಥ ಮೂವರು ಒಂದೇ ತಂಡದಲ್ಲಿ! ಫೈನಲ್‌ನಲ್ಲಿ ಮಯಾಮಿ ಹೀಟ್ 4-1ರಿಂದ ಸೋಲಿಸಿತು. ಪರವಾಗಿಲ್ಲ, ಎಳೆ ಪ್ರಾಯ, ಇನ್ನೂ ಬೇಕಾದಷ್ಟು ಸಮಯ ಉಂಟು ಅಂದರು ಎಲ್ಲರೂ. ನಾಲ್ಕೇ ತಿಂಗಳಲ್ಲಿ, ಅಕ್ಟೋಬರ್‌ನಲ್ಲಿ, ಸಂಬಳದ ಮಾತುಕತೆ ಕೂಡಿ ಬರದೆ ಹಾರ್ಡನ್‌ನನ್ನು ಹ್ಯೂಸ್ಟನ್‌ಗೆ ಕಳಿಸಿದರು. ಮರುವರ್ಷದ ಪ್ಲೇ-ಆಫ್‌ನಲ್ಲಿ ವೆಸ್ಟ್‌ಬ್ರೂಕ್‌ನ ಮೊಣಕಾಲಿಗೆ ಪೆಟ್ಟು. 2016ರಲ್ಲಿ ಗೋಲ್ಡನ್ ಸ್ಟೇಟ್ ಎದುರು 3-1ರಿಂದ ಮುಂದಿದ್ದವರು ಸೋತರು. ಅದೇ ಬೇಸಿಗೆಯಲ್ಲಿ ಡುರಾಂಟ್ ಆ ಗೋಲ್ಡನ್ ಸ್ಟೇಟ್ ತಂಡಕ್ಕೇ ಹೋದ. ಆ ಹುಡುಗರು ಒಟ್ಟಿಗೆ ಫೈನಲ್ ಮೆಟ್ಟಿಲು ಮತ್ತೆ ಹತ್ತಲೇ ಇಲ್ಲ.

ಇನ್ನೂ ಹಳೆಯದೊಂದು ಕಥೆ ಉಂಟು. ಈಗಿನ ಥಂಡರ್‌ಗಿಂತ ಮೊದಲು ಇಷ್ಟು ಎಳೆಯ ತಂಡ ಚಾಂಪಿಯನ್ ಆದದ್ದು 1977ರಲ್ಲಿ, ಪೋರ್ಟ್‌ಲ್ಯಾಂಡ್. ಬಿಲ್ ವಾಲ್ಟನ್ ಅವರ ದೊಡ್ಡ ಆಟಗಾರ. ಮರುವರ್ಷ ಮೊದಲ 60 ಪಂದ್ಯಗಳಲ್ಲಿ 50 ಗೆದ್ದರು. ಯಾರಿಗೂ ಸಂಶಯ ಇರಲಿಲ್ಲ. ಅಷ್ಟರಲ್ಲಿ ವಾಲ್ಟನ್‌ನ ಪಾದ ಕೆಟ್ಟಿತು. ಪ್ಲೇ-ಆಫ್‌ನಲ್ಲಿ ಸಿಯಾಟಲ್ ಅವರನ್ನು ಮನೆಗೆ ಕಳಿಸಿತು. ಆ ಸಿಯಾಟಲ್ ತಂಡ ಈಗ ಎಲ್ಲಿದೆ ಹೇಳಿ? 2008ರಲ್ಲಿ ಊರು ಬಿಟ್ಟು ಒಕ್ಲಹೋಮಾ ಸಿಟಿಗೆ ಬಂತು, ಥಂಡರ್ ಅಂತ ಹೆಸರು ಇಟ್ಟುಕೊಂಡಿತು. ಇದೇ ತಂಡದ ಪೂರ್ವಿಕರು ಅಂದು ಪೋರ್ಟ್‌ಲ್ಯಾಂಡ್ ಹುಡುಗರ ಎರಡನೇ ಕಪ್ಪಿಗೆ ಅಡ್ಡ ನಿಂತದ್ದು!

ಎಳೆಯ ತಂಡಕ್ಕೆ ಸಮಯ ಜಾಸ್ತಿ ಇರುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಒಬ್ಬೊಬ್ಬ ಆಟಗಾರನಿಗೆ ಇರಬಹುದು, ಇನ್ನೂ ಹತ್ತು ವರ್ಷ ಆಡುತ್ತಾನೆ. ಅವರೆಲ್ಲ ಒಟ್ಟಿಗೆ, ಒಂದೇ ಅಂಗಿ ಹಾಕಿ, ಗಟ್ಟಿ ಕಾಲಲ್ಲಿ, ಕಡಿಮೆ ಸಂಬಳಕ್ಕೆ ಆಡುವ ಸಮಯ ಎರಡು ಮೂರು ವರ್ಷ ಅಷ್ಟೆ. ಆದರೆ ಒಂದು ವ್ಯತ್ಯಾಸ ಉಂಟು. 2012ರ ತಂಡ ಸೋತು ಚದುರಿತು, ಇದು ಗೆದ್ದು ಕೂತಿದೆ. ಒಂದು ಕಪ್ ಕಪಾಟಿನಲ್ಲಿ ಇರುವುದರಿಂದ ಯಾರೂ ಗಾಬರಿಯಲ್ಲಿ ತಂಡ ಒಡೆಯುವುದಿಲ್ಲ.

ಪ್ರಶ್ನೆ: ಸಂಬಳ, ಮಿತಿ, ತೆರಿಗೆ ಅಂತ ಏನೇನೋ ಓದುತ್ತೇನೆ. ಚಾಂಪಿಯನ್ ತಂಡಕ್ಕೆ ದುಡ್ಡಿನ ಕೊರತೆ ಹೇಗೆ? ನನ್ನ ಕಸುಬಿನ ವಿಷಯ ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯಿರಿ.
– ಲೆಕ್ಕಪರಿಶೋಧಕ, ಹಂಪನಕಟ್ಟೆ, ಮಂಗಳೂರು

ಉತ್ತರ: ದುಡ್ಡಿನ ಕೊರತೆ ಅಲ್ಲ, ಖರ್ಚು ಮಾಡಲು ಬಿಡುವುದಿಲ್ಲ. ಎನ್‌ಬಿಎಯಲ್ಲಿ ಆಟಗಾರರ ಒಟ್ಟು ಸಂಬಳಕ್ಕೆ ಮಟ್ಟಗಳಿವೆ. ಈ ಸೀಸನ್‌ಗೆ ಮೊದಲ ಮಿತಿ ಸುಮಾರು 15.5 ಕೋಟಿ ಡಾಲರ್. ಸುಮಾರು 18.8 ಕೋಟಿ ದಾಟಿದರೆ ತೆರಿಗೆ. ಸುಮಾರು 20.8 ಕೋಟಿಯಲ್ಲಿ ಇನ್ನೊಂದು ಗೆರೆ, ಅದಕ್ಕೆ ಸೆಕೆಂಡ್ ಏಪ್ರನ್ ಅನ್ನುತ್ತಾರೆ. ಇದನ್ನು ದಾಟಿದವರಿಗೆ ದಂಡಕ್ಕಿಂತ ಕಷ್ಟ ಜಾಸ್ತಿ. ಇಬ್ಬರು ಆಟಗಾರರ ಸಂಬಳ ಒಟ್ಟು ಸೇರಿಸಿ ಒಬ್ಬ ದೊಡ್ಡ ಆಟಗಾರನನ್ನು ಬದಲಿಗೆ ತರುವ ಹಾಗಿಲ್ಲ. ಹೊರಗಿನಿಂದ ಸ್ವಲ್ಪ ಒಳ್ಳೆಯ ಸಂಬಳಕ್ಕೆ ಯಾರನ್ನಾದರೂ ಸೇರಿಸಿಕೊಳ್ಳುವ ರಿಯಾಯಿತಿಯೂ ಹೋಗುತ್ತದೆ. ಏಳು ವರ್ಷ ಆಚೆಯ ಡ್ರಾಫ್ಟ್ ಹಕ್ಕನ್ನು, ಅಂದರೆ ಹೊಸ ಹುಡುಗರನ್ನು ಸರದಿಯಲ್ಲಿ ಆರಿಸಿಕೊಳ್ಳುವ ಹಕ್ಕನ್ನು, ಬೇರೆಯವರಿಗೆ ಕೊಡಲು ಬಿಡುವುದಿಲ್ಲ.

ಈಗ ಥಂಡರ್ ಲೆಕ್ಕಕ್ಕೆ ಬನ್ನಿ. ಕಳೆದ ಜುಲೈಯಲ್ಲಿ ಮೂರು ಸಹಿ ಹಾಕಿಸಿದರು. ನಾಯಕ ಶೇ ಗಿಲ್ಜಸ್-ಅಲೆಕ್ಸಾಂಡರ್‌ಗೆ ನಾಲ್ಕು ವರ್ಷಕ್ಕೆ 28.5 ಕೋಟಿ ಡಾಲರ್. ಹೋಮ್‌ಗ್ರೆನ್‌ಗೆ ಐದು ವರ್ಷಕ್ಕೆ 25 ಕೋಟಿವರೆಗೆ. ವಿಲಿಯಮ್ಸ್‌ಗೆ ಐದು ವರ್ಷಕ್ಕೆ 28.7 ಕೋಟಿವರೆಗೆ. ನೋಡಬೇಕಾದದ್ದು ತಾರೀಕನ್ನು. ಹೋಮ್‌ಗ್ರೆನ್ ಮತ್ತು ವಿಲಿಯಮ್ಸ್ ಇಬ್ಬರೂ 2022ರ ಡ್ರಾಫ್ಟ್‌ನವರು. ಹೊಸಬರ ನಾಲ್ಕು ವರ್ಷದ ಅಗ್ಗದ ಒಪ್ಪಂದ ಈ ಸೀಸನ್‌ಗೆ ಮುಗಿಯುತ್ತದೆ. ದೊಡ್ಡ ಸಂಬಳ ಶುರುವಾಗುವುದು 2026-27ರಿಂದ. ನಾಯಕನದ್ದು ಅದರ ಮರುವರ್ಷ. ಅಂದರೆ ಒಬ್ಬರಿಗೆ ಸಲ್ಲುವ ದೊಡ್ಡ ಸಂಬಳಕ್ಕೆ ಮೂವರು ದೊಡ್ಡ ಆಟಗಾರರು ಸಿಗುವುದು ಇದೇ ಕೊನೆಯ ಸಲ. ಬರುವ ಬೇಸಿಗೆಯಲ್ಲಿ ಹಾರ್ಟನ್‌ಸ್ಟೈನ್ ಮತ್ತು ಡೋರ್ಟ್ ಇಬ್ಬರನ್ನೂ ಇಟ್ಟುಕೊಳ್ಳಬೇಕಾ ಬಿಡಬೇಕಾ ಅಂತ ತಂಡವೇ ತೀರ್ಮಾನ ಮಾಡಬೇಕು. ಇಬ್ಬರೂ ಉಳಿದರೆ ನನಗೆ ಆಶ್ಚರ್ಯ.

ತಂಡ ಕಟ್ಟಿದ ಸ್ಯಾಮ್ ಪ್ರೆಸ್ಟಿ ಇದಕ್ಕೂ ಒಂದು ದಾರಿ ಮಾಡಿಟ್ಟಿದ್ದಾರೆ. 2019ರಲ್ಲಿ ಪಾಲ್ ಜಾರ್ಜ್‌ನನ್ನು ಕ್ಲಿಪ್ಪರ್ಸ್‌ಗೆ ಕೊಟ್ಟು ಬದಲಿಗೆ ಶೇ ಮತ್ತು ಡನಿಲೊ ಗಲಿನಾರಿ, ಜೊತೆಗೆ ಮೊದಲ ಸುತ್ತಿನ ಐದು ಡ್ರಾಫ್ಟ್ ಹಕ್ಕು ತೆಗೆದುಕೊಂಡರು. ವಿಲಿಯಮ್ಸ್ ಬಂದದ್ದು ಆ ಹಕ್ಕುಗಳಲ್ಲಿ ಒಂದರಿಂದ. 2026ರದ್ದು ಇನ್ನೂ ಕೈಯಲ್ಲಿದೆ. ದುಬಾರಿಯಾದವರನ್ನು ಬಿಡುವುದು, ಅಗ್ಗದ ಹೊಸಬರನ್ನು ತರುವುದು. ಕಾಗದದ ಮೇಲೆ ಚಂದ. ಆದರೆ ಹತ್ತೊಂಬತ್ತರ ಹುಡುಗ ಮೇ ತಿಂಗಳ ಪ್ಲೇ-ಆಫ್‌ನಲ್ಲಿ ಡೋರ್ಟ್ ಮಾಡುವ ಕೆಲಸ ಮಾಡುವುದಿಲ್ಲ. ನಿಮ್ಮ ಆಫೀಸಿಗೂ ಹೊಸ ಆರ್ಟಿಕಲ್ ಹುಡುಗರು ಬರುತ್ತಾರಲ್ಲ, ನಿಮಗೆ ಹೇಳುವುದು ಬೇಡ.

ಪ್ರಶ್ನೆ: ಕಂಬಳದಲ್ಲಿ ನೇಗಿಲು ಕಿರಿಯ ವಿಭಾಗದಲ್ಲಿ ಮೆಡಲ್ ಹೊಡೆದ ಕೋಣಗಳು ಹಿರಿಯಕ್ಕೆ ಏರಿದ ವರ್ಷ ಒದ್ದಾಡುವುದನ್ನು ನೋಡಿದ್ದೇವೆ. ಈ ಹುಡುಗರಿಗೂ ಅದೇ ಆಗುವುದಿಲ್ವಾ?
– ಕಂಬಳ ಅಭಿಮಾನಿ, ಮೂಡುಬಿದಿರೆ

ಉತ್ತರ: ಹೋಲಿಕೆ ಸರಿ ಇದೆ, ವರ್ಷ ಮಾತ್ರ ಬೇರೆ. ಅವರ ಒದ್ದಾಟ 2024ರಲ್ಲೇ ಆಗಿ ಹೋಗಿದೆ. ಲೀಗಿನಲ್ಲಿ ಪೂರ್ವ, ಪಶ್ಚಿಮ ಅಂತ ಎರಡು ಗುಂಪು, ಎರಡರಲ್ಲೂ ಗೆದ್ದವರು ಫೈನಲಿಗೆ. ಆ ವರ್ಷ 57 ಪಂದ್ಯ ಗೆದ್ದು ಪಶ್ಚಿಮದಲ್ಲಿ ಮೊದಲ ಸ್ಥಾನಕ್ಕೆ ಬಂದಿದ್ದರು. ಎರಡನೇ ಸುತ್ತಿನಲ್ಲಿ ಡಲ್ಲಾಸ್ 4-2ರಿಂದ ಸೋಲಿಸಿತು. ಹೋಮ್‌ಗ್ರೆನ್ ಒಬ್ಬನೇ ಎತ್ತರದವನು, ಅವನೂ ಕಡ್ಡಿ. ಜಾಶ್ ಗಿಡ್ಡಿ ದೂರದಿಂದ ಎಸೆಯುವುದಿಲ್ಲ ಅಂತ ಗೊತ್ತಾಗಿ ಡಲ್ಲಾಸ್‌ನವರು ಅವನನ್ನು ಕಾಯುವುದನ್ನೇ ಬಿಟ್ಟರು.

ಆಮೇಲೆ ಮಾಡಿದ್ದೇ ಜಾಣತನ. ಗಿಡ್ಡಿಯನ್ನು ಷಿಕಾಗೊಗೆ ಕೊಟ್ಟು ಕರೂಸೊನನ್ನು ತಂದರು. ದುಡ್ಡು ಕೊಟ್ಟು ಹಾರ್ಟನ್‌ಸ್ಟೈನ್‌ನನ್ನು ತಂದರು. ಕರೂಸೊ 2020ರಲ್ಲಿ ಲೇಕರ್ಸ್ ಜೊತೆ ಕಪ್ ಎತ್ತಿದವನು, ತಲೆಯಲ್ಲಿ ಕೂದಲಿಗಿಂತ ಬುದ್ಧಿ ಜಾಸ್ತಿ. ಡೆನ್ವರ್ ಎದುರಿನ ಏಳನೇ ಪಂದ್ಯ ನೋಡಿದ್ದೀರಾ? ಆರಡಿ ಹನ್ನೊಂದು ಇಂಚಿನ ನಿಕೊಲಾ ಯೋಕಿಚ್‌ನನ್ನು ಕಾಯಲು ಆರಡಿ ಐದು ಇಂಚಿನ ಕರೂಸೊನನ್ನು ಬಿಟ್ಟರು. ತೂಕದಲ್ಲಿ ಹೆಚ್ಚುಕಡಿಮೆ 45 ಕೆ.ಜಿ. ವ್ಯತ್ಯಾಸ. ಅವನು ಮುಂದೆ ನಿಂತು ಪಾಸ್ ಬರುವ ದಾರಿಯನ್ನೇ ಮುಚ್ಚಿದ. ಯೋಕಿಚ್ ಕೈಗೆ ಚೆಂಡು ಮುಟ್ಟಿಸುವುದೇ ಡೆನ್ವರ್‌ಗೆ ಕೆಲಸ ಆಯಿತು. ಥಂಡರ್ 125-93ರಿಂದ ಗೆದ್ದಿತು. ಇಡೀ ಪ್ಲೇ-ಆಫ್‌ನಲ್ಲಿ ನಾನು ಎರಡೆರಡು ಸಲ ನೋಡಿದ್ದು ಈ ಆಟವನ್ನೇ.

ಇನ್ನೊಂದು ಮಾತು. 2021ರ ಡಿಸೆಂಬರ್ 2ರಂದು ಇದೇ ಥಂಡರ್ ಮೆಂಫಿಸ್ ಎದುರು 152-79ರಿಂದ ಸೋತಿತ್ತು. 73 ಅಂಕ! ಎನ್‌ಬಿಎ ಚರಿತ್ರೆಯಲ್ಲೇ ಅಷ್ಟು ದೊಡ್ಡ ಸೋಲು ಇಲ್ಲ. ಅಂದು ಕೋಚ್ ಆಗಿದ್ದವರು ಮಾರ್ಕ್ ಡೇಗ್‌ನಾಲ್ಟ್. ಈಗಲೂ ಅವರೇ. ನಮ್ಮಲ್ಲಾಗಿದ್ದರೆ ಮರುದಿನ ಬೆಳಿಗ್ಗೆಯೇ ಸಾಮಾನು ಕಟ್ಟಿಸುತ್ತಿದ್ದರು. 2025ರ ಪ್ಲೇ-ಆಫ್‌ನ ಮೊದಲ ಪಂದ್ಯದಲ್ಲಿ ಅದೇ ಮೆಂಫಿಸ್‌ಗೆ 131-80 ಬಾರಿಸಿದರು.

ಪ್ರಶ್ನೆ: ಶೇ ದೊಡ್ಡ ಆಟಗಾರನೇ ಅಲ್ಲ. ಸುಮ್ನೆ ಬೀಳುತ್ತಾನೆ, ರೆಫ್ರಿ ಸೀಟಿ ಊದುತ್ತಾರೆ, ಫ್ರೀ ಥ್ರೋ ಹಾಕುತ್ತಾನೆ. ಇದೆಂತ ಆಟ?
– ಹೆಸರು ಬೇಡ, ಸುರತ್ಕಲ್

ಉತ್ತರ: ಹೆಸರು ಬೇಡ ಅಂದದ್ದು ಒಳ್ಳೆಯದಾಯಿತು, ಮಣಿಪಾಲದವರು ಹುಡುಕಿಕೊಂಡು ಬರುತ್ತಿದ್ದರು.

ಸ್ವಲ್ಪ ನಿಜ ಉಂಟು. ಮೈಗೆ ಮೈ ತಾಗಿದ ಕೂಡಲೇ ತಲೆ ಹಿಂದಕ್ಕೆ ಎಸೆಯುವುದು ನನಗೂ ಇಷ್ಟ ಆಗುವುದಿಲ್ಲ. ನನ್ನ ಹುಡುಗಿಯರು ಹಾಗೆ ಮಾಡಿದರೆ ಕೂತುಕೋ ಅಂತ ಬೆಂಚಿಗೆ ಕಳಿಸುತ್ತಿದ್ದೆ. ಆದರೆ ಲೆಕ್ಕ ನೋಡಿ. ಪಂದ್ಯಕ್ಕೆ ಸರಾಸರಿ 32.7 ಅಂಕ. ಫೌಲಿಗೆ ಕೊಡುವ ಒಂದಂಕದ ಫ್ರೀ ಥ್ರೋ ಸಿಗುವುದು ಒಂಬತ್ತರ ಹತ್ತಿರ, ಹಾಕುವುದು ಎಂಟರ ಹತ್ತಿರ. ಉಳಿದ ಸುಮಾರು 25 ಅಂಕ ಎಲ್ಲಿಂದ ಬಂತು? ಸೀಟಿಯಿಂದ ಅಲ್ಲ ಅಲ್ವಾ?

ಅವನ ಆಟ ನೋಡುವಾಗ ಚೆಂಡು ಬಿಟ್ಟು ಪಾದ ನೋಡಿ. ಅವನಿಗಿಂತ ವೇಗವಾಗಿ ಓಡುವವರು ಲೀಗಿನಲ್ಲಿ ತುಂಬ ಜನ ಇದ್ದಾರೆ. ಅವನಷ್ಟು ಚೆನ್ನಾಗಿ ನಿಲ್ಲುವವರು ಇಲ್ಲ. ಓಡುತ್ತಾ ಇದ್ದವನು ಗಕ್ಕನೆ ನಿಲ್ಲುತ್ತಾನೆ, ಕಾಯುವವನು ಎರಡು ಹೆಜ್ಜೆ ಮುಂದೆ ಹೋಗಿರುತ್ತಾನೆ, ಅಷ್ಟರಲ್ಲಿ ಶೇ ನಿಧಾನಕ್ಕೆ ಹಾರಿ ಎಸೆಯುತ್ತಾನೆ. ತಾಯಿ ಆಂಟಿಗುವಾ ದೇಶದ ಪರವಾಗಿ 1992ರ ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಓಡಿದವರು. ಕಾಲಿನ ಹತೋಟಿ ಮನೆಯಿಂದಲೇ ಬಂದಿರಬೇಕು. ಫೈನಲ್‌ನ ನಾಲ್ಕನೇ ಪಂದ್ಯದಲ್ಲಿ ಸೋಲು ಎದುರಿಗಿತ್ತು. ಕೊನೆಯ ಐದು ನಿಮಿಷದೊಳಗೆ ಒಬ್ಬನೇ 15 ಅಂಕ ಹಾಕಿದ. ಆ ಪಂದ್ಯ ಸೋತಿದ್ದರೆ 3-1. ಅಲ್ಲಿಗೆ ಈ ಎಲ್ಲ ಪತ್ರಗಳೂ ಇಂಡಿಯಾನಾ ಬಗ್ಗೆ ಬರುತ್ತಿದ್ದವು.

ಪ್ರಶ್ನೆ: ಟೀಚರ್, ನನಗೆ ವೆಂಬನ್ಯಾಮಾ ಇಷ್ಟ. ಸ್ಪರ್ಸ್ ಯಾವಾಗ ಗೆಲ್ಲುತ್ತದೆ? ಥಂಡರನ್ನು ಸೋಲಿಸುವವರು ಅವರೇ ಅಂತ ನಾನು ಕ್ಲಾಸಲ್ಲಿ ಹೇಳಿದ್ದೇನೆ.
– ಎಂಟನೇ ತರಗತಿ, ಕಾರ್ಕಳ

ಉತ್ತರ: ಧೈರ್ಯವಾಗಿ ಹೇಳಿದ್ದೀಯ ಮಗಾ. ತಾರೀಕು ಮಾತ್ರ ಹೇಳಬೇಡ. ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡದ ವೆಂಬನ್ಯಾಮಾ ಏಳಡಿ ನಾಲ್ಕು ಇಂಚಿನ ಹುಡುಗ, ಈ ಸೀಸನ್ ಶುರುವಾಗುವಾಗ ಇನ್ನೂ 21 ವರ್ಷ, ಚೆಂಡನ್ನು ಗಿಡ್ಡ ಗಾರ್ಡ್‌ಗಳ ಹಾಗೆ ಕುಣಿಸುತ್ತಾನೆ. ಕಳೆದ ಫೆಬ್ರವರಿಯಲ್ಲಿ ಬಲ ಭುಜದಲ್ಲಿ ರಕ್ತ ಹೆಪ್ಪುಗಟ್ಟಿ ಸೀಸನ್ ಅರ್ಧಕ್ಕೇ ನಿಂತಿತು. ಅವನ ಜೊತೆ ಸ್ಟೀಫನ್ ಕ್ಯಾಸಲ್ ಇದ್ದಾನೆ, ಕಳೆದ ವರ್ಷದ ಶ್ರೇಷ್ಠ ಹೊಸ ಆಟಗಾರ. ಈ ವರ್ಷದ ಡ್ರಾಫ್ಟ್‌ನಲ್ಲಿ ಎರಡನೆಯವನಾಗಿ ಬಂದ ಡಿಲನ್ ಹಾರ್ಪರ್ ಇದ್ದಾನೆ. ಓಟಗಾರ ಡಿಆರನ್ ಫಾಕ್ಸ್ ಇದ್ದಾನೆ. ಒಂದೊಂದು ಪಂದ್ಯದಲ್ಲಿ ಥಂಡರಿಗೆ ನೀರು ಕುಡಿಸುತ್ತಾರೆ, ನೋಡುತ್ತಿರು. ಏಳರಲ್ಲಿ ನಾಲ್ಕು ಗೆಲ್ಲಲು ಇನ್ನೂ ಸ್ವಲ್ಪ ಬೇಯಬೇಕು.

ಪ್ರಶ್ನೆ: ಥಂಡರ್ ಅಲ್ಲದಿದ್ದರೆ ಮತ್ಯಾರು? ಒಂದೇ ಹೆಸರು ಹೇಳಿ.
– ಆಟೋ ಚಾಲಕ, ಕಂಕನಾಡಿ

ಉತ್ತರ: ಡೆನ್ವರ್. ಯೋಕಿಚ್ ಇದ್ದಾನೆ, ಬೆಂಚಿಗೆ ಯೋನಸ್ ವಲನ್ಚೂನಸ್ ಮತ್ತು ಬ್ರೂಸ್ ಬ್ರೌನ್ ಬಂದಿದ್ದಾರೆ. ಹ್ಯೂಸ್ಟನ್‌ಗೆ ಡುರಾಂಟ್ ಹೋಗಿದ್ದಾನೆ, ಆದರೆ ಆಟ ನಡೆಸುವ ಫ್ರೆಡ್ ವ್ಯಾನ್‌ವ್ಲೀಟ್ ಸೆಪ್ಟೆಂಬರ್‌ನಲ್ಲಿ ಮೊಣಕಾಲು ಹರಿದುಕೊಂಡ. ಪೂರ್ವದಲ್ಲಿ ಇಂಡಿಯಾನಾದ ಹ್ಯಾಲಿಬರ್ಟನ್, ಬಾಸ್ಟನ್‌ನ ಜೇಸನ್ ಟೇಟಮ್ ಇಬ್ಬರಿಗೂ ಅಕಿಲೀಸ್ ಹೋಗಿದೆ. ಇದರಿಂದ ಥಂಡರಿಗೆ ಫೈನಲ್ ಸುಲಭ ಆಗಬಹುದು, ಫೈನಲ್‌ವರೆಗಿನ ದಾರಿ ಸುಲಭ ಆಗುವುದಿಲ್ಲ. ಗಟ್ಟಿ ತಂಡಗಳೆಲ್ಲ ಪಶ್ಚಿಮದಲ್ಲೇ ಕೂತಿವೆ.

ಪ್ರಶ್ನೆ: ಅಮೆರಿಕದ ಕಥೆ ಸಾಕು. ನಮ್ಮ ಮಂಗಳೂರು, ಉಡುಪಿ ಕಡೆ ಕಬಡ್ಡಿ, ವಾಲಿಬಾಲ್ ಇಷ್ಟು ಬೆಳೆದಿದೆ. ಬ್ಯಾಸ್ಕೆಟ್‌ಬಾಲ್ ಯಾಕೆ ಶಾಲಾ ಕಾಲೇಜಿನ ಕಾಂಪೌಂಡ್ ದಾಟಲಿಲ್ಲ?
– ಯುವಕ ಮಂಡಲದ ಕಾರ್ಯದರ್ಶಿ, ಕಾಪು

ಉತ್ತರ: ಖರ್ಚು ಮತ್ತು ಮಳೆ. ವಾಲಿಬಾಲಿಗೆ ಎರಡು ಕಂಬ, ಒಂದು ಬಲೆ ಸಾಕು. ಅಡಿಕೆ ಮರ ಕಡಿದು ನೆಟ್ಟರೂ ಆಯಿತು. ಗದ್ದೆ ಕೊಯ್ಲಾದ ಮೇಲೆ ಲೈಟ್ ಹಾಕಿ ರಾತ್ರಿಯಿಡೀ ಟೂರ್ನಮೆಂಟ್ ಮಾಡಬಹುದು. ಕಬಡ್ಡಿಗೆ ಅದೂ ಬೇಡ. ಬ್ಯಾಸ್ಕೆಟ್‌ಬಾಲಿಗೆ ಚೆಂಡು ಪುಟಿಯುವಂಥ ಗಟ್ಟಿ ನೆಲ ಬೇಕು. ಹತ್ತು ಅಡಿ ಎತ್ತರದಲ್ಲಿ ಅಲ್ಲಾಡದ ರಿಂಗ್ ಬೇಕು. ನಾನು ಆಡಿದ್ದು ಕೆಂಪು ಮಣ್ಣಿನ ಅಂಕಣದಲ್ಲಿ. ಕಲ್ಲಿನ ಚೂರಿಗೆ ತಾಗಿದರೆ ಚೆಂಡು ಇಂದ್ರಾಳಿಗೆ ಹೋಗಬೇಕಾದದ್ದು ಕಲ್ಯಾಣಪುರಕ್ಕೆ ಹೋಗುತ್ತಿತ್ತು. ಸಿಮೆಂಟ್ ಹಾಕಿದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾಚಿ ಕಟ್ಟಿ ಜಾರುತ್ತದೆ. ಸಮುದ್ರದ ಗಾಳಿಗೆ ರಿಂಗ್ ತುಕ್ಕು ಹಿಡಿಯುತ್ತದೆ, ಬಲೆ ಒಂದು ಮಳೆಗಾಲ ಉಳಿಯುವುದಿಲ್ಲ. ಮಾಡು ಇರುವ ಅಂಕಣ ಎಲ್ಲರಿಗೂ ಎಲ್ಲಿಂದ ಬರಬೇಕು?

ನಿಮ್ಮ ಮಂಡಲದಲ್ಲಿ ದುಡ್ಡು ಇದ್ದರೆ ಪೂರ್ತಿ ಅಂಕಣ ಮಾಡಲು ಹೋಗಬೇಡಿ. ಅರ್ಧ ಸಾಕು. ಒಂದು ರಿಂಗ್, ಮೂವರಿಗೆ ಮೂವರು. ಈಗ ಆ ಆಟ ಒಲಿಂಪಿಕ್ಸ್‌ನಲ್ಲೂ ಉಂಟು, 2021ರ ಟೋಕಿಯೊದಿಂದ. ರಿಂಗಿಗೆ ಪ್ರತಿ ವರ್ಷ ಮೇ ತಿಂಗಳಲ್ಲಿ ಬಣ್ಣ ಬಳಿಯಿರಿ, ಜಂಬಕ್ಕಲ್ಲ, ತುಕ್ಕಿಗೆ.

ಪ್ರಶ್ನೆ: ಟೀಚರ್, ನೂರಕ್ಕೆ ನಲವತ್ತು ಅಂತ ಹೇಳಿ ಜಾರಿಕೊಳ್ಳುವವರು ನೀವು ಅಂತ ನನಗೆ ಮೊದಲೇ ಗೊತ್ತು. ಬಾಜಿ ಕಟ್ಟಿ. ಥಂಡರ್ ಗೆದ್ದರೆ ನೀವು ನನಗೆ ಗಡ್‌ಬಡ್ ಐಸ್‌ಕ್ರೀಮ್ ಕೊಡಿಸಬೇಕು. ಸೋತರೆ ನಾನು ಕೊಡಿಸುತ್ತೇನೆ.
– ನಿಮ್ಮ ಹಳೆಯ ವಿದ್ಯಾರ್ಥಿನಿ, ಬ್ರಹ್ಮಾವರ

ಉತ್ತರ: ಆಯಿತು ಮಾರಾಯ್ತಿ, ಒಪ್ಪಿದೆ. ಲೆಕ್ಕದಲ್ಲಿ ಅರವತ್ತು ನನ್ನ ಕಡೆ ಉಂಟು, ಒಪ್ಪದೆ ಇರಲು ನನಗೇನು ಹುಚ್ಚಾ? ಆದರೆ ಒಂದು ಷರತ್ತು. ವಿಲಿಯಮ್ಸ್ ಕಳೆದ ಪ್ಲೇ-ಆಫ್ ಪೂರ್ತಿ ಆಡಿದ್ದು ಬಲಗೈ ಮಣಿಕಟ್ಟಿನ ಸ್ನಾಯು ಹರಿದುಕೊಂಡೇ. ಆ ಕೈಯಲ್ಲೇ ಫೈನಲ್‌ನ ಐದನೇ ಪಂದ್ಯದಲ್ಲಿ 40 ಅಂಕ ಹಾಕಿದ. ಜುಲೈಯಲ್ಲಿ ಆಪರೇಷನ್ ಆಗಿದೆ. ಅವನು ಹೊಸ ವರ್ಷದ ಹೊತ್ತಿಗೆ ಮೊದಲಿನ ಹಾಗೆ ಆಡುತ್ತಿದ್ದರೆ ನಾನು ಈ ಬಾಜಿಯನ್ನು ಅರ್ಧಕ್ಕೆ ಇಳಿಸುತ್ತೇನೆ, ಗಡ್‌ಬಡ್ ಒಂದೇ, ಚಮಚ ಎರಡು. ಆಡದಿದ್ದರೆ ನೀನು ಈಗಿನಿಂದಲೇ ದುಡ್ಡು ತೆಗೆದಿಡು. ಮೇಲಿನ ಚೆರ್ರಿ ನನಗೆ.